ಹಸೆಮಣೆಯ ಮುಂದೆ ಕ್ಯಾಮೆರಾ

ನಮ್ಮಮ್ಮ ಸೋಬಾನೆ ಹೇಳುವವಳು. ತಾವರೆಕೆರೆ ಸುತ್ತಮುತ್ತ ಯಾರ ಮನೆಯಲ್ಲಿ ಮದುವೆಯಾದರೂ ಹೆಣ್ಣೊಪ್ಪಿಸುವ ಹೊತ್ತಿಗೆ ಅವಳು ಅಲ್ಲಿರಬೇಕು. ಮಗಳನ್ನು ಗಂಡಿನ ಮನೆಯವರ ಕೈಗೆ ಕೊಡುವಾಗ ಅವಳು ಹೇಳುವ ಹಾಡಿಗೆ, ಅಲ್ಲಿಯವರೆಗೂ ಊಟ ಸರಿಯಿಲ್ಲವೆಂದು ಮುಖ ಊದಿಸಿಕೊಂಡಿದ್ದ ಬೀಗರೂ ಕಣ್ಣೊರೆಸಿಕೊಳ್ಳುತ್ತಾರೆ. ಹೋದ ವರ್ಷ ಅವಳ ಕುತ್ತಿಗೆಯಲ್ಲಿ ಗಂಟು ಕಾಣಿಸಿತು. ತುಮಕೂರಿನ ಡಾಕ್ಟರು ಆಪರೇಷನ್ ಆಗಲೇಬೇಕು ಅಂದರು. ಆಮೇಲೆ ದನಿ ಹೀಗೇ ಇರುತ್ತದೆಂದು ಮಾತು ಕೊಡಲಾರೆ ಅಂತಲೂ ಅಂದರು. ಅಮ್ಮ “ಇರ್ಲಿ ಬುಡಿ ಸಾಮಿ” ಎಂದು ಸೆರಗು ಸರಿಮಾಡಿಕೊಂಡು ಎದ್ದಳು. ಊರಿನ ತನಕ ಬಸ್ಸಿನಲ್ಲಿ ಹೆದರುತ್ತಾ ಕೂತವಳು ನಾನು.

ದನಿ ಇರುವಾಗಲೇ ಹಾಡು ಹಿಡಿದಿಟ್ಟುಕೊಳ್ಳಬೇಕು ಅನ್ನಿಸಿತು. ನನ್ನ ಫೋನೋ, ಮಂದಿ ಕಳಿಸುವ ಶುಭೋದಯದ ಹೂಗಳಿಂದಲೇ ತುಂಬಿಹೋಗಿ ಐದು ನಿಮಿಷಕ್ಕೆ ಜಾಗವಿಲ್ಲ ಎನ್ನುತ್ತದೆ. ಸೋದರಮಾವನ ಮಗ, ತನಗೆ ಮಗು ಹುಟ್ಟಿದಾಗ ಕೊಂಡು, ಮಗು ನಡೆಯುವ ಹೊತ್ತಿಗೆ ಬೇಸರ ಬಂದು ಅಟ್ಟಕ್ಕೆ ಹಾಕಿದ್ದ ಪುಟ್ಟ ವಿಡಿಯೋ ಕ್ಯಾಮೆರಾವನ್ನು ಕೇಳಿ ತಂದುಕೊಂಡೆ. ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕದು. ಅದರ ಪುಸ್ತಕ ಮಾತ್ರ ಪಂಚಾಂಗಕ್ಕಿಂತ ದಪ್ಪ.

ಮಧುಗಿರಿಯ ಆಫೀಸಿನಲ್ಲಿ ದಿನವಿಡೀ ಜನರ ಜೊತೆ ಬಾಯಿ ಬಡಿದುಕೊಂಡು, ಬಸ್ಸಿನಲ್ಲಿ ನಿಂತೇ ಬಂದು, ಮುಖ ತೊಳೆದು ಆ ಪುಸ್ತಕ ಹಿಡಿದು ಕೂರುತ್ತಿದ್ದೆ. ಜೂಮ್‌ನಲ್ಲಿ ಎರಡು ಬಗೆಯಂತೆ. ಒಂದು ಗಾಜಿನದು, ಅದು ನಿಜ. ಇನ್ನೊಂದು ಡಿಜಿಟಲ್ ಅನ್ನುವ ಅಂಕಿಯದು, ಅದು ಇದ್ದದ್ದನ್ನೇ ಎಳೆದು ದೊಡ್ಡದು ಮಾಡಿ ತೋರಿಸುವ ಮೋಸ. ನಮ್ಮ ಮ್ಯಾನೇಜರ್ ಬರೆಯುವ ವರದಿಯ ಹಾಗೆ. ಕೈ ನಡುಗಿದರೆ ಅದೇ ಸರಿಮಾಡಿಕೊಳ್ಳುತ್ತದಂತೆ. ಮುಖ ಕಂಡರೆ ಗುರುತು ಹಿಡಿದು ಚೌಕ ಹಾಕುತ್ತದಂತೆ. ದನಿ ಹೆಚ್ಚಾದರೆ ತಾನೇ ತಗ್ಗಿಸುತ್ತದಂತೆ. ಇಷ್ಟೆಲ್ಲ ತಾನೇ ಮಾಡುವುದಾದರೆ ನನ್ನನ್ನೇಕೆ ಸಾಯಿಸುತ್ತಿದೆಯೋ ಎಂದು ಅಪ್ಪನ ಹತ್ತಿರ ರೇಗಿದ್ದೂ ಉಂಟು. ಅಪ್ಪ ಟಿ.ವಿ. ಶಬ್ದ ಜಾಸ್ತಿ ಮಾಡಿಕೊಂಡರು.

ಎಲ್ಲ ಕಲಿತು “ಅಮ್ಮ, ಹೇಳು” ಅಂದರೆ, ಅವಳು ಒಲ್ಲೆ ಅಂದುಬಿಟ್ಟಳು.

“ಹಸೆ ಮ್ಯಾಲೆ ಹೆಣ್ಣು ಕುಂತಿಲ್ದೆ ಸೋಬಾನೆ ಹೇಳ್ತಾರೇನೇ? ಬರೀ ಮಣೆಗೆ ಹೇಳಾದಾ? ಮನೆಗೆ ಒಳ್ಳೇದಲ್ಲ ಕಣಮ್ಮ.”

ಸರಿ, ಹೆಣ್ಣು ಕೂರುವ ಕಡೆಗೇ ಹೋದೆ. ಮದಲೂರಿನಲ್ಲಿ ಒಂದು ಮದುವೆ. ನನಗೆ ಮದುವೆಮನೆಗಳೆಂದರೆ ಆಗದು. ನನಗೆ ಮದುವೆಯಾಗಲಿಲ್ಲ, ಅದರಲ್ಲಿ ಕಥೆಯೇನೂ ಇಲ್ಲ. ನೋಡಲು ಬಂದವರು ಉಪ್ಪಿಟ್ಟು ತಿಂದು ಹೋದರು, ಆಮೇಲೆ ಬರುವುದನ್ನೇ ಬಿಟ್ಟರು. ಆದರೂ ನಲವತ್ತು ದಾಟಿದ ನನ್ನನ್ನು ಕಂಡರೆ ಹೆಂಗಸರಿಗೆ ಈಗಲೂ ಗಂಡು ನೆನಪಾಗುತ್ತದೆ. ಅದನ್ನೆಲ್ಲ ಸಹಿಸಿಕೊಂಡು ಕ್ಯಾಮೆರಾ ಹಿಡಿದು ನಿಂತೆ. ಅಮ್ಮ ಬಾಯಿ ತೆರೆದಳು, ಹೊರಗೆ ಹುಡುಗರು ಡಿ.ಜೆ. ಹಾಕಿದರು. ಮನೆಗೆ ಬಂದು ನೋಡಿದರೆ, ಆ ಗದ್ದಲಕ್ಕೆ ಕ್ಯಾಮೆರಾ ತಾನೇ ದನಿ ತಗ್ಗಿಸಿಕೊಂಡು ಅಮ್ಮನ ಹಾಡನ್ನೂ ಮುಳುಗಿಸಿತ್ತು. ಚೌಕ ಹಾಕಿ ಚೆನ್ನಾಗಿ ಹಿಡಿದದ್ದು ಪಕ್ಕದಲ್ಲಿ ಆಕಳಿಸುತ್ತಿದ್ದ ಯಾರದೋ ಮುಖವನ್ನು. ಹೆಣ್ಣೊಪ್ಪಿಸುವ ಹಾಡಿನಲ್ಲಿ ಅಮ್ಮನ ತುಟಿ ಆಡುತ್ತಿತ್ತು, ಅಷ್ಟೇ. ನನಗೆ ಅಳು ಬಂತು.

ಅಷ್ಟರಲ್ಲಿ ಆಷಾಢ ಬಂತು. ಇನ್ನು ಮದುವೆಗಳಿಲ್ಲ. ಆಪರೇಷನ್ನಿಗೆ ದಿನ ಗೊತ್ತಾಗಿತ್ತು. ಒಂದು ಭಾನುವಾರ ಸಂಜೆ ಮತ್ತೆ ಕೇಳಿದೆ, ಅವಳು ಮತ್ತೆ ಅದೇ ಹೇಳಿದಳು. ನನಗೂ ಸಾಕಾಗಿತ್ತು.

“ಹೆಣ್ಣೇ ಬೇಕಾ ನಿನಗೆ? ನಾನೇ ಕೂರ್ತೀನಿ, ಹೇಳು!” ಎಂದು ಕೂಗಿದೆ.

ಸಿಟ್ಟಿಗೆ ಅಂದ ಮಾತು. ಅಮ್ಮ ಎದ್ದು ಒಳಗೆ ಹೋದಳು. ಬೇಸರವಾಯಿತೇನೋ ಅಂದುಕೊಂಡೆ. ಅವಳು ಮಣೆ ತಂದಳು. ಆಷಾಢದಲ್ಲಿ ಒಂದು ಜೊತೆ ಬಳೆ ಕೂಡ ತೊಡಿಸಿಕೊಳ್ಳದವಳು ನಡುಮನೆ ಒರೆಸಿ, ಹಸೆ ಬರೆದು, ಅದರ ಮೇಲೆ ಮಣೆ ಹಾಕಿ, ಎಲೆ ಅಡಿಕೆ ಇಟ್ಟಳು. ಅಪ್ಪ ಟಿ.ವಿ. ಆರಿಸಿ ಫ್ಯಾನನ್ನೂ ನಿಲ್ಲಿಸಿ ಬಂದು ಗೋಡೆಗೊರಗಿ ಕೂತರು. ಇನ್ನು ನಾನು ಒಲ್ಲೆ ಅನ್ನುವ ಹಾಗಿರಲಿಲ್ಲ.

ರಾಗಿ ಡಬ್ಬದ ಮೇಲೆ ಕ್ಯಾಮೆರಾ ಇಟ್ಟೆ. ಅದರ ಪರದೆಯನ್ನು ನಮ್ಮ ಕಡೆಗೇ ತಿರುಗಿಸಬಹುದು; ಒಬ್ಬರೇ ಇದ್ದಾಗ ತಮ್ಮನ್ನು ತಾವು ಹಿಡಿದುಕೊಳ್ಳಲು ಅನುಕೂಲ ಎಂದು ಪುಸ್ತಕದಲ್ಲಿತ್ತು. ತಿರುಗಿಸಿ ಹೋಗಿ ಕೂತೆ. ಪರದೆಯಲ್ಲಿ ಮಾಸಿದ ಸೀರೆಯ, ಕನ್ನಡಕದ ಹೆಂಗಸೊಬ್ಬಳು ಹಸೆಮಣೆಯ ಮೇಲೆ ಕೂತಿದ್ದಳು. ನಾಚಿಕೆಯಾಯಿತು. ಈ ವಯಸ್ಸಿನಲ್ಲಿ ಎಂಥ ನಾಚಿಕೆಯೋ.

ಅಮ್ಮ ಅರಿಶಿನ ಹಚ್ಚುವ ಹಾಡು ಹೇಳಿದಳು, ಹಸೆಗೆ ಕರೆಯುವ ಹಾಡು ಹೇಳಿದಳು. ಸೋಬಾನೆಯಲ್ಲಿ ಹೆಣ್ಣಿನ ಹೆಸರು ಸೇರಿಸಿ ಹೇಳುತ್ತಾರೆ. ಊರಿನ ಹೆಣ್ಣುಮಕ್ಕಳ ಹೆಸರೆಲ್ಲ ಹೇಳಿ ಸವೆದ ಆ ಜಾಗದಲ್ಲಿ ಮೊದಲ ಸಲ ನನ್ನ ಹೆಸರು ಬಂತು. ಗಂಡಿನ ಹೆಸರು ಬರಬೇಕಾದ ಕಡೆ ಅವಳು ಒಂದು ಗಳಿಗೆ ತಡೆದು, ಅಲ್ಲಿಗೂ ನನ್ನ ಹೆಸರನ್ನೇ ಹಾಕಿದಳು. ಅಪ್ಪ ತಲೆ ತಗ್ಗಿಸಿದರು.

“ಹೆಣ್ಣೊಪ್ಪಿಸೋದು ಹೇಳಮ್ಮ, ಅದೇ ಮುಖ್ಯ” ಅಂದೆ.

ಅಮ್ಮ ಎಲೆ ಅಡಿಕೆ ತೆಗೆದು ನನ್ನ ಮಡಿಲಿಗೆ ಹಾಕಿದಳು.

“ಅದೊಂದು ಹೇಳಾಕಿಲ್ಲ.”

“ಯಾಕೆ? ಆಮೇಲೆ ದನಿ ಬರದೇ ಹೋದ್ರೆ?”

“ಹೋದ್ರೆ ಹೋಗ್ಲಿ ಬುಡು. ನಿನ್ನ ಯಾರ ಕೈಗೂ ಕೊಡಾಕೆ ನನ್ ಕೈಲಾಗಾಕಿಲ್ಲ. ಆಸ್ಪತ್ರೆನಾಗೆ ನನ್ ಪಕ್ಕದಾಗೆ ಕೂರೋಳು ಯಾರು?”