ಹನ್ನೆರಡನೆಯ ಕಮಾನು

ದೆವ್ವ, ಪವಾಡ ಎಂದರೆ ನನಗೆ ಸಿಟ್ಟೇ ಬರುತ್ತಿತ್ತು. ಟೇಪಿಗೆ ಸಿಗದ್ದು ಇಲ್ಲವೇ ಇಲ್ಲ ಎನ್ನುವ ಸರ್ವೆ ಕೆಲಸದವನ ಬುದ್ಧಿ. ಈಗಲೂ ನಂಬುತ್ತೇನೆಂದಲ್ಲ. ಆದರೂ ಇದೊಂದನ್ನು ಹೇಳಿಬಿಡುತ್ತೇನೆ, ನೀವು ನಕ್ಕರೆ ನಗಿ.

ಅರವತ್ತರ ದಶಕ. ಹೇಮಾವತಿಗೆ ಅಣೆಕಟ್ಟು ಬರುತ್ತದೆಂದು, ಮುಳುಗಲಿರುವ ಊರುಗಳ ಕಟ್ಟಡಗಳನ್ನು ಅಳೆದು ನಕ್ಷೆ ಬರೆಯುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಹಾಸನದಿಂದ ಬಸ್ಸು, ಆಮೇಲೆ ನಡಿಗೆ. ತಿಂಗಳುಗಟ್ಟಲೆ ಕಂಡವರ ಮನೆ ಅಳೆದು ಅಳೆದು ಜೀವ ಸೋತುಹೋಗಿತ್ತು.

ಕೊನೆಗೆ ಉಳಿದದ್ದು ಹೊಳೆದಂಡೆಯ ಚರ್ಚು. ಅಜ್ಜಂದಿರ ಕಾಲದಲ್ಲಿ ಪರದೇಶದ ಪಾದ್ರಿಯೊಬ್ಬರು ಕಟ್ಟಿಸಿದ್ದು. ಇಟ್ಟಿಗೆ, ಬೆಲ್ಲ ಬೆರೆಸಿ ಅರೆದ ಸುಣ್ಣದ ಗಾರೆ, ಎತ್ತರದ ಗೋಪುರ, ಕೈಮುಗಿದಂತೆ ತುದಿ ಕೂಡಿದ ಕಮಾನುಗಳು. ಬಲಗೋಡೆಯಲ್ಲಿ ಆರು ಕಮಾನು, ಎಡಗೋಡೆಯಲ್ಲಿ ಐದೇ. ಆರನೆಯದು ಇರಬೇಕಾದಲ್ಲಿ ಬೋಳುಗೋಡೆ.

ಟೇಪಿನ ತುದಿ ಹಿಡಿದವನು ಗಾರೆ ಕೆಲಸದ ಮುದುಕ ಚೌರಪ್ಪ. ಕಮಾನು ಕಟ್ಟಿದ್ದು ಅವನ ತಾತ. ಯೇಸುವಿನ ಹನ್ನೆರಡು ಮಂದಿ ಶಿಷ್ಯರಿಗೆ ಹನ್ನೆರಡು ಕಟ್ಟು ಎಂದು ಪಾದ್ರಿ ಹೇಳಿದರೆ, ಎಣಿಸಲು ಬಾರದೆ ಹನ್ನೊಂದು ಕಟ್ಟಿದನಂತೆ. ಅಂದಿನಿಂದ ಆ ಮನೆಯವರಿಗೆಲ್ಲ 'ಹನ್ನೊಂದರವರು' ಎಂದೇ ಅಡ್ಡಹೆಸರು.

"ನಮ್ತಾತ ಅನ್ನೆರ್ಡೇ ಕಟ್ಟಿದ್ದು ಕಣ್ ಸಾ. ಆಮೇಲ್ ಯಾರೋ ಮುಚ್ಬುಟ್ಟವ್ರೆ. ನೀರು ಬರಾಕ್ ಮುಂಚೆ ನಕ್ಷೇಲಾದ್ರೂ ಅನ್ನೆರ್ಡು ಅಂತ ಬರ್ದ್ಬುಡಿ," ಎಂದು ಚೌರಪ್ಪ ಅಂಗಲಾಚಿದ.

"ಇಲ್ಲದ್ದನ್ನ ಎಲ್ಲಿಂದ ಬರೀಲಯ್ಯ? ಸುಮ್ನೆ ಟೇಪ್ ಹಿಡಿ," ಎಂದೆ.

ಹಾಸನಕ್ಕೆ ಬಂದು ಅಳತೆ ಪುಸ್ತಕ ಬಿಚ್ಚಿದರೆ ಅದರಲ್ಲಿ ಹನ್ನೆರಡು ಅಳತೆ! ಹನ್ನೊಂದೂ ನಾಲ್ಕಡಿ ಅಗಲ. ಹನ್ನೆರಡನೆಯದು ಮೂರಡಿ ಏಳಿಂಚು. ನನ್ನದೇ ಅಕ್ಷರ. ಚೌರಪ್ಪನಿಗೆ ಓದುಬರಹ ಬಾರದು, ಪುಸ್ತಕ ನನ್ನ ಜೇಬು ಬಿಟ್ಟಿರಲಿಲ್ಲ. ದಣಿವಿನಲ್ಲಿ ಏನೋ ಗೀಚಿದ್ದೇನೆಂದು ಅದನ್ನು ಹೊಡೆದುಹಾಕಿ, ಹನ್ನೊಂದು ಕಮಾನಿನ ನಕ್ಷೆಯನ್ನೇ ಮೇಲಕ್ಕೆ ಕಳಿಸಿದೆ.

ವರ್ಷ ಕಳೆದು ಮತ್ತೆ ಆ ಚರ್ಚಿಗೆ ಹೋದಾಗ, ಊರವರು ಹೊಸ ಜಾಗಕ್ಕೆ ಸಾಗಿಸಲೆಂದು ಪೂಜೆಯ ಪೀಠ ಬಿಚ್ಚುತ್ತಿದ್ದರು. ಆ ಸುತ್ತಿಗೆ ಪೆಟ್ಟಿಗೆ ಎಡಗೋಡೆಯ ಗಾರೆ ಉದುರಿತ್ತು. ಅದರ ಹಿಂದೆ ಇಟ್ಟಿಗೆ ತುಂಬಿ ಮುಚ್ಚಿದ ಕಮಾನು. ಟೇಪು ಹಿಡಿದೆ. ಮೂರಡಿ ಏಳಿಂಚು.

"ಚೌರಪ್ಪ ಎಲ್ಲಿ?" ಎಂದು ಅಲ್ಲಿದ್ದವನೊಬ್ಬನನ್ನು ಕೇಳಿದೆ.

"ಅನ್ನೊಂದ್ರ ಚೌರಪ್ನಾ ಸಾ? ಮಳೆಗಾಲ್ದಲ್ಲೇ ತೀರೋಗ್ಬುಟ್ಟ."

ಅಳೆಯದ ಅಳತೆ ನನ್ನ ಕೈಗೆ ಹೇಗೆ ಬಂತೋ, ಇವತ್ತಿಗೂ ಗೊತ್ತಿಲ್ಲ. ಆ ಪುಸ್ತಕ ಇನ್ನೂ ನನ್ನ ಬಳಿಯೇ ಇದೆ. ನಾನು ಎಳೆದ ಅಡ್ಡಗೀಟಿನ ಕೆಳಗೆ ಆ ಅಳತೆ ಸ್ಪಷ್ಟವಾಗಿಯೇ ಓದಲು ಬರುತ್ತದೆ.