ಅಕ್ಕಾರು ಅಳಿಸದೆ ಬಿಟ್ಟ ನಿಯಮ

ಮೊನ್ನೆ ಮೇಜಿನ ಖಾನೆ ಸ್ವಚ್ಛ ಮಾಡುವಾಗ ಒಂದು ಕಂಡಿಕೆ ಕೈಗೆ ಬಂತು. ಮಗ್ಗದ ಲಾಳಿಯೊಳಗೆ ಕೂರಿಸುತ್ತಾರಲ್ಲ, ನೂಲು ಸುತ್ತಿದ ಆ ಸಣ್ಣ ಕೊಳವೆ. ಮೂಗಿಗೆ ಹಿಡಿದೆ. ಇನ್ನೂ ಬಣ್ಣದ ನೂಲಿನ ವಾಸನೆ… ಜಮಖಂಡಿಯ ನಮ್ಮ ಅಂಕಿ-ಅಂಶ ಕಚೇರಿಯಲ್ಲಿ ಗಣತಿ ಹಾಳೆಗಳ ಕಟ್ಟು ಬಿಗಿಯಲು ಅಕ್ಕಾರು ಇದೇ ನೂಲು ಬಳಸುತ್ತಿದ್ದರು. ಸರಕಾರಿ ದಾರದ ಗಂಟು ನಿಲ್ಲೂದಿಲ್ಲ ಅಂತ ಅವರ ತಕರಾರು.

ಅಕ್ಕಾರು ನನಗಿಂತ ಹಿರಿಯರು, ಬನಹಟ್ಟಿಯ ನೇಕಾರರ ಮಗಳು. ದಿನಾ ಬಸ್ಸಿಗೆ ಬಂದು ಹೋಗುತ್ತಿದ್ದರು. ರಬಕವಿ-ಬನಹಟ್ಟಿಯ ಮಗ್ಗದ ಮನೆಗಳ ಗಣತಿಯನ್ನು ಅವರೇ ಓಣಿ ಓಣಿ ಸುತ್ತಿ ಮಾಡಿದ್ದರು. ಆದರೆ ಕಂಪ್ಯೂಟರಿನಿಂದ ಹೊರಬಿದ್ದ ಪಟ್ಟಿಯಲ್ಲಿ ಹೆಂಗಸರೇ ಮಾಯ! ಬೆಳಗಿನಿಂದ ಸಂಜೆತನಕ ಕಂಡಿಕೆ ಸುತ್ತುವ ಅವರವ್ವನ ಮುಂದೂ 'ಕೆಲಸ: ಇಲ್ಲ' ಎಂದು ಬಂದಿತ್ತು.

ಆ ತಂತ್ರಾಂಶ ಖಾಸಗಿ ಮಂದಿ ಮಾಡಿಕೊಟ್ಟದ್ದು. ಒಳಗೆ ಏನು ಲೆಕ್ಕ ನಡೆಯುತ್ತದೆಂದು ನೋಡುವ ಹಾಗಿರಲಿಲ್ಲ. ಅದನ್ನು ತರಿಸಿದ ಜಿಲ್ಲೆಯ ಸಾಹೇಬರನ್ನು ಅಕ್ಕಾರು ಕೇಳಿದರು. ಎಲ್ಲರ ಎದುರಿಗೇ ಉತ್ತರ ಬಂತು:

"ಯಂತ್ರ ತಪ್ಪ ಮಾಡೂದಿಲ್ರಿ ಬಾಯಾರ. ತುಂಬಿದವರದ ತಪ್ಪಿರಬೇಕು. ಬರೂದಿಲ್ಲಂದ್ರ ಮನಿಗೆ ಹೋಗಿ ಕಂಡಕಿ ಸುತ್ತ್ರಿ."

ಮಂದಿ ನಕ್ಕರು. ಮರುದಿನ ಬೇಜವಾಬ್ದಾರಿ ಎಂದು ಮೆಮೊ ಬಂತು. ಅದನ್ನು ಟೈಪ್ ಮಾಡಿದ ಕೈ ನನ್ನದೇ. ಅದು ಅಕ್ಕಾರಿಗೂ ಗೊತ್ತಿತ್ತು.

ಅಕ್ಕಾರು ಅಳಲಿಲ್ಲ. ಒಂದು ಮನೆಯ ಹಾಳೆಯಲ್ಲಿ ಒಂದೊಂದೇ ಉತ್ತರ ಬದಲಿಸಿ ಆ ತಂತ್ರಾಂಶಕ್ಕೆ ತಿನ್ನಿಸುತ್ತ ಹೋದರು. ಕಡೆಗೆ ಕಳ್ಳ ಸಿಕ್ಕ. ಒಂದು ಮಗ್ಗಕ್ಕೆ ಒಬ್ಬನೇ ಕೆಲಸಗಾರ ಎಂದು ಯಾರೋ ಒಳಗೆ ನಿಯಮ ಇಟ್ಟಿದ್ದರು. ಇಡೀ ಮನೆ ಸೇರಿ ಒಂದು ಸೀರೆ ನೇಯುವುದು ಆ ಪುಣ್ಯಾತ್ಮನಿಗೆ ಗೊತ್ತಿರಲಿಲ್ಲ. ಆಮೇಲೆ ಬಸ್ಸಿನಲ್ಲಿ ಕೂತು ಓದಿ, ಅಂತರಜಾಲದಲ್ಲಿ ಮುಖ ನೋಡದವರನ್ನು ಕೇಳಿ, ಪ್ರೋಗ್ರಾಂ ಬರೆಯಲು ಕಲಿತು ಗಣತಿಗೆ ತಾವೇ ಒಂದು ತಂತ್ರಾಂಶ ಬರೆದರು. ಕೆಲವು ವರ್ಷ ಹಿಡಿಯಿತು. ಅಷ್ಟರಲ್ಲಿ ಮೇಲಿಂದ ಆದೇಶ ಬಂತು: ಇನ್ನು ಮುಕ್ತ ತಂತ್ರಾಂಶವನ್ನೇ ಬಳಸಬೇಕು, ನಾವು ಬರೆದದ್ದನ್ನೂ ಎಲ್ಲರೂ ನೋಡುವ ಹಾಗೆ ತೆರೆದಿಡಬೇಕು. ಜಿಲ್ಲೆಯಲ್ಲಿ ತಯಾರಿದ್ದದ್ದು ಅಕ್ಕಾರದೊಂದೇ.

ಮುಧೋಳದಲ್ಲಿ ಅದರ ತರಬೇತಿ, ಕಲಿಸುವವರು ಅಕ್ಕಾರು. ಉದ್ಘಾಟನೆಗೆ ಅದೇ ಸಾಹೇಬರು. ಅವರೂ ತೇರದಾಳ ಕಡೆಯ ನೇಕಾರರ ಮನೆಯವರೇ. ತಾಯಿ ಕಂಡಿಕೆ ಸುತ್ತಿ ಓದಿಸಿದಳೆಂದು ಪ್ರತಿ ಭಾಷಣದಲ್ಲೂ ಹೇಳುವರು, ಅವತ್ತೂ ಹೇಳಿದರು. ಅಕ್ಕಾರು ಅದಕ್ಕೇ ಕಾದಿದ್ದರು.

"ಸಾಹೇಬರ, ಮೊದಲ ನಿಮ್ಮ ಮನಿದ ತುಂಬ್ರಿ. ನೀವು ಸಣ್ಣವರಿದ್ದಾಗ ಹ್ಯಾಂಗಿತ್ತು, ಹಂಗ."

ಸಾಹೇಬರು ಖುಷಿಯಿಂದ ತುಂಬಿದರು. ತಂದೆ, ನೇಯ್ಗೆ. ತಾಯಿ, ಕಂಡಿಕೆ ಸುತ್ತುವುದು.

"ಯಾವ ನಿಯಮ ಹಚ್ಚಲಿರಿ? ನಂದೋ, ನೀವು ತರಿಸಿದ್ದ ಹಳೇದೋ? ಎರಡೂ ಇಟ್ಟೇನಿ."

"ಹಳೇದ ಹಚ್ಚ್ರಿ ಬಾಯಾರ, ಅದೇನ್ ಕಡಿಮಿ ಐತಿ!"

ಗೋಡೆಯ ಮೇಲೆ ಅಷ್ಟಗಲ ಅಕ್ಷರ ಮೂಡಿತು. ತಾಯಿ. ಕೆಲಸ: ಇಲ್ಲ.

"ಏನೋ… ಏನೋ ತಪ್ಪಾಗೇತಿ."

"ಯಂತ್ರ ತಪ್ಪ ಮಾಡೂದಿಲ್ರಿ ಸಾಹೇಬರ. ತುಂಬಿದವರದ ತಪ್ಪಿರಬೇಕು."

ಬೀಳಗಿಯಿಂದ ಬಂದ ಗುಮಾಸ್ತನೊಬ್ಬ ಕಿಸಕ್ಕನೆ ನಕ್ಕ. ಸಾಹೇಬರು ಚಹಾ ಮುಟ್ಟದೆ ಜೀಪು ಹತ್ತಿದರು.

ತರಬೇತಿಗೆ ಬಂದಿದ್ದ ಲೋಕಾಪುರದವರನ್ನೆಲ್ಲ ಬಸ್ಸಿಗೆ ಹತ್ತಿಸಿ, ನಮ್ಮ ಬಸ್ಸಿಗೆ ಕಾಯುತ್ತ ಕೇಳಿದೆ, "ಹೊಟ್ಟಿ ತಣ್ಣಗಾತೇನ್ರಿ ಅಕ್ಕಾರ?"

"ಇಲ್ಲೋ ತಮ್ಮಾ. ಮೆಮೊ ಇನ್ನೂ ನನ್ನ ಫೈಲಿನ್ಯಾಗ ಐತಿ. ಅದು ಇರೂತನಕಾ ಇವನ ನಿಯಮನೂ ಇರತೈತಿ. ಊರೆಲ್ಲ ನೋಡಲಿ."

ಹಾಗೇ ಮಾಡಿದರು. ತಂತ್ರಾಂಶವನ್ನು ಲೋಕಕ್ಕೆ ತೆರೆದಿಟ್ಟಾಗ ಹಳೇ ನಿಯಮದ ತಲೆಯ ಮೇಲೆ ಕನ್ನಡದಲ್ಲೇ ಬರೆದರು: 'ಈ ನಿಯಮದ ಪ್ರಕಾರ ನಮ್ಮವ್ವ ಕೆಲಸ ಮಾಡಲಿಲ್ಲ. ಯಾಕೆಂದು ಕೇಳಿದ್ದಕ್ಕೆ ನನಗೆ ಮೆಮೊ ಬಂತು.' ಸಾಹೇಬರು ನಿವೃತ್ತಿಗೆ ಮುಂಚೆ ಅದನ್ನು ತೆಗೆಸಲು ಎರಡು ಸಲ ಫೋನು ಮಾಡಿಸಿದರು. ಅಕ್ಕಾರು ಒಂದೇ ಮಾತು ಹೇಳಿದ್ದರು, ಮೊದಲ ಮೆಮೊ ತಗೀರಿ ಅಂತ. ಯಾರೂ ತೆಗೆಯಲಿಲ್ಲ. ಅದು ಫೈಲಿನಲ್ಲಿರುವಾಗಲೇ ಅಕ್ಕಾರು ತೀರಿಕೊಂಡರು… ತಂತ್ರಾಂಶದ ಉಸ್ತುವಾರಿ ನನ್ನ ಪಾಲಿಗೆ ಬಂತು.

ಕಂಡಿಕೆ ಸಿಕ್ಕ ದಿನವೇ ದೂರದ ಊರಿನ ಒಬ್ಬ ಹುಡುಗಿಯ ಪತ್ರ ಬಂದಿತ್ತು. ಅವರ ಕಚೇರಿಯಲ್ಲೂ ಅಕ್ಕಾರ ತಂತ್ರಾಂಶವೇ ನಡೆಯುತ್ತದಂತೆ. ಹಳೇ ನಿಯಮವನ್ನು ಯಾರೂ ಬಳಸುವುದಿಲ್ಲ, ಅಳಿಸಿಬಿಡಲೇ ಎಂದು ಕೇಳಿದ್ದಳು.

ಅಳಿಸಬೇಡ ಎಂದು ಬರೆದೆ. ಸಾಹೇಬರ ಮೇಲಿನ ಸಿಟ್ಟು ನನಗೂ ಆರಿಲ್ಲ. ಆದರೆ ಅಕ್ಕಾರು ನನ್ನ ಮೇಲಿನ ದಾಕ್ಷಿಣ್ಯಕ್ಕೆ ಬಿಟ್ಟ ಒಂದು ಸಾಲು ಬಾಕಿ ಇತ್ತು. ಅವರ ಸಾಲಿನ ಕೆಳಗೆ ಅದನ್ನು ನಾನೇ ಸೇರಿಸಿದೆ:

'ಆ ಮೆಮೊ ಟೈಪ್ ಮಾಡಿದವನು ನಾನು.'