ಜೋತು ಬೀಳಾಕೆ ಜಾಗ

ಅತ್ತಿಗೆ ತೀರಿಕೊಂಡು ತಿಂಗಳಾಯಿತು. ಎಪ್ಪತ್ತರ ದಶಕದಲ್ಲಿ, ಸಂತೇಬೆನ್ನೂರಿನ ಮನೆಯಲ್ಲಿ ಅವರು ಸೂರ್ಯನ ಕುದುರೆ ಸಾಕುತ್ತಿದ್ದರು. ಮುಂಗಾಲು ಜೋಡಿಸಿ ಕೈಮುಗಿದಂತೆ ಕೂರುವ ಹಸಿರು ಹುಳ ಅದು. ಮೊದಲನೆಯದು ಗಾಜಿನ ಭರಣಿಯಲ್ಲಿ ಪೊರೆ ಬಿಡುವಾಗ ಕಾಲು ಜಾರಿ ಬಿದ್ದು ಸತ್ತಿತ್ತು. ಆಮೇಲೆ ಯಾರು ಯಾವ ಡಬ್ಬಿ ತಂದುಕೊಟ್ಟರೂ ಅತ್ತಿಗೆ ಒಳಗೆ ಬೆರಳಾಡಿಸಿ, "ಜೋತು ಬೀಳಾಕೆ ಜಾಗ ಎಲ್ಲೈತೆ?" ಎನ್ನುತ್ತಿದ್ದರು.

ಎರಡನೆಯದಕ್ಕೆ ಅವರು ಹಾಲು ಮೊಸರು ಇಡುವ ಜಾಲರಿ ಕಪಾಟನ್ನೇ ಖಾಲಿ ಮಾಡಿದರು.

ಅವ್ವ ಸಿಟ್ಟಾದಳು. "ಕಪಾಟು ಹುಳಕ್ಕೆ, ಹಾಲು ಬೆಕ್ಕಿಗೆ. ಚಲೋ ಸಂಸಾರ ಮಾಡ್ತೀಯಮ್ಮ."

"ಇದೊಂದು ಪೊರೆ ಬಿಡ್ಲಿ ಇರ್ರಿ, ಅತ್ತೆ. ರೆಕ್ಕೆ ಬರೋ ಹೊತ್ತು."

ಮರುದಿನ ಬೆಳಿಗ್ಗೆ ಅವ್ವ ಕಪಾಟು ಬಿಡಿಸಿಕೊಳ್ಳಲೆಂದು ಹಾಲಿನ ಪಾತ್ರೆ ಹಿಡಿದೇ ಹೋದಳು. ಹುಳ ಜಾಲರಿಗೆ ತಲೆಕೆಳಗಾಗಿ ಜೋತುಬಿದ್ದು, ಹಳೆಯ ಚರ್ಮದೊಳಗಿಂದ ನಿಧಾನವಾಗಿ ಇಳಿಯುತ್ತಿತ್ತು. ಅತ್ತಿಗೆ ಸೆರಗನ್ನು ಬಾಯಿಗೊತ್ತಿಕೊಂಡು ನಿಂತಿದ್ದರು. ಮುದುಡಿದ ರೆಕ್ಕೆ ಪೂರ್ತಿ ಬಿಚ್ಚಿಕೊಳ್ಳುವವರೆಗೆ ಅವ್ವನೂ ಪಾತ್ರೆ ಕೆಳಗಿಡದೆ ನೋಡಿದಳು.

ಆಮೇಲೆ ಅವ್ವ, "ಒಣಗ್ಲಿ ಪಾಪ, ಬಾಗ್ಲು ತೆಗೀಬ್ಯಾಡ," ಎಂದು, ಹಾಲನ್ನು ಪಕ್ಕದ ಮನೆಯವರ ಕಪಾಟಿನಲ್ಲಿಡಲು ಹೊರಟಳು.